ತಣ್ಣನೆ ಸಮುದ್ರಕ್ಕೂ ದೊಡ್ಡ ಶಾರ್ಕ್ ಬರುತ್ತಾ? ಮನೆಯಲ್ಲೇ ಕೂತು ವಿಚಾರಿಸೋದು ಹೀಗೆ

ಶ್ರೀರಾಂಪುರದಲ್ಲಿ ನನ್ನದೊಂದು ಫ್ರಿಜ್ ರಿಪೇರಿ ಅಂಗಡಿ ಇದೆ. 31 ವರ್ಷ ಆಯಿತು. ಸಮುದ್ರಕ್ಕೂ ನನಗೂ ಇದ್ದ ನಂಟು ಅಂದರೆ, ಮದುವೆಯಾದ ಹೊಸದರಲ್ಲಿ ಮುರ್ಡೇಶ್ವರಕ್ಕೆ ಹೋಗಿ ಪ್ಯಾಂಟ್ ಮಡಿಸಿಕೊಂಡು ಮೊಣಕಾಲುದ್ದ ನೀರಲ್ಲಿ ನಿಂತಿದ್ದು ಅಷ್ಟೇ. ಅಂಥವನು ಶಾರ್ಕ್ ಬಗ್ಗೆ ಬರೆಯೋಕೆ ಕೂತಿದ್ದೇನೆ. ಕಾರಣ ನಮ್ಮ ಮನೆಯ ವಾಟ್ಸಾಪ್ ಗ್ರೂಪು.

ಮಗಳು, ಅಳಿಯ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದಾರೆ. ಮೊಮ್ಮಗನಿಗೆ ಎಂಟು ವರ್ಷ. ಈಜು ಕಲಿತಿದ್ದಾನೆ. ಅಲ್ಲಿ ಬೇಸಿಗೆ ಬಂತೆಂದರೆ ಭಾನುವಾರ ಭಾನುವಾರ ಬೀಚು. ಒಂದು ದಿನ ಬೆಳಿಗ್ಗೆ ನಾದಿನಿ ಗ್ರೂಪಿಗೆ ವಿಡಿಯೋ ಹಾಕಿದಳು. ಬೂದು ಬಣ್ಣದ ನೀರು, ಮೋಡ ಕವಿದ ಆಕಾಶ, ಒಂದು ಸಣ್ಣ ದೋಣಿ. ದೋಣಿಗೆ ಆತುಕೊಂಡ ಹಾಗೆ ಒಂದು ದೊಡ್ಡ ಕಪ್ಪು ರೆಕ್ಕೆ. ಕೆಳಗೆ, ‘ಅಕ್ಕಾ, ಇದು ನಿಮ್ಮ ಮಗಳ ಊರ ಕಡೆಯಂತೆ. ಮಗೂನ ನೀರಿಗೆ ಬಿಡಬೇಡ ಅಂತ ಹೇಳಿ.’ ನಮ್ಮ ಮನೆಯವಳು ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ನಾನು ಎಲ್ಲ ಬಲ್ಲವನ ಥರ ಹೇಳಿದೆ: ‘ಆ ನೀರು ನಮ್ಮ ಫ್ರಿಜ್‌ನಲ್ಲಿಟ್ಟ ಬಾಟಲಿ ನೀರಿದ್ದ ಹಾಗೆ. ಶಾರ್ಕ್ ಎಲ್ಲಾ ಬಿಸಿ ದೇಶದ ಮೀನು ಕಣೆ. ಅಲ್ಲಿಗೆ ಯಾಕೆ ಬರುತ್ತೆ?’ ಸಂಜೆ ಮಗಳಿಗೂ ಅದನ್ನೇ ಹೇಳಿದೆ. ಅವಳು ನಕ್ಕಳು. ‘ಅಪ್ಪಾ, ಇಲ್ಲಿ ಪ್ರತಿ ವರ್ಷ ಬರುತ್ತೆ. ಸುಮ್ನೆ ಏನೇನೋ ಹೇಳಬೇಡಿ’ ಅಂದಳು.

ತಣ್ಣಗೆ ಮಾಡೋದೇ ನನ್ನ ಕಸುಬು. ಆ ವಿಷಯದಲ್ಲೇ ತಪ್ಪು ಹೇಳಿದೆನಲ್ಲ ಅಂತ ಅವಮಾನ ಆಯಿತು. ಅವತ್ತಿಂದ ಎರಡು ತಿಂಗಳು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಇದನ್ನೇ ಓದಿದೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಮಕ್ಕಳು ಇಂಥ ಊರುಗಳಲ್ಲಿದ್ದಾರೆ: ಬೋಸ್ಟನ್, ಡಬ್ಲಿನ್, ಎಡಿನ್‌ಬರ, ಹ್ಯಾಲಿಫ್ಯಾಕ್ಸ್. ಎಲ್ಲರ ಮನೆಗೂ ಇಂಥ ವಿಡಿಯೋ ಬರುತ್ತದೆ. ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ತಲೆಗೆ ಹಚ್ಚಿಕೊಳ್ಳಬಾರದು ಅಂತ ನಾನು ಕಂಡುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಊರಿನ ಹೆಸರು ಕೇಳಿ

‘ಫಾರಿನ್ ಸಮುದ್ರದಲ್ಲಿ ಶಾರ್ಕ್’ ಅಂದರೆ ಏನೂ ಹೇಳಿದ ಹಾಗಲ್ಲ. ಯಾವ ದೇಶ, ಯಾವ ದಂಡೆ, ಯಾವ ತಿಂಗಳು? ಈ ಮೂರು ಗೊತ್ತಿಲ್ಲದೆ ಮುಂದಕ್ಕೆ ಹೋಗಬೇಡಿ.

ಅಟ್ಲಾಸ್ ತೆಗೆದು ನೋಡಿ. ಮಗಳ ಹೈಸ್ಕೂಲು ಅಟ್ಲಾಸ್ ಅಟ್ಟದ ಮೇಲಿತ್ತು, ಅದನ್ನೇ ಕೆಳಗಿಳಿಸಿದೆ. ನಮ್ಮ ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಬೋಸ್ಟನ್ 42. ಹ್ಯಾಲಿಫ್ಯಾಕ್ಸ್ 44 ದಾಟಿದೆ. ಡಬ್ಲಿನ್ 53, ಎಡಿನ್‌ಬರ ಹೆಚ್ಚುಕಮ್ಮಿ 56. ಪ್ಯಾರಿಸ್‌ಗಿಂತ ಹ್ಯಾಲಿಫ್ಯಾಕ್ಸ್ ದಕ್ಷಿಣಕ್ಕಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆದರೂ ಅಲ್ಲಿ ಅಷ್ಟು ಚಳಿ ಯಾಕೆ? ಮೇಲಿಂದ, ಕೆನಡಾದ ಈಶಾನ್ಯ ಮೂಲೆಯ ಲ್ಯಾಬ್ರಡಾರ್ ಕಡೆಯಿಂದ, ತಣ್ಣನೆ ನೀರು ದಂಡೆಗುಂಟ ಇಳಿದು ಬರುತ್ತದೆ. ಬ್ರಿಟನ್‌ಗೆ ಇದರ ಉಲ್ಟಾ. ಅಲ್ಲಿಗೆ ನೈಋತ್ಯದಿಂದ ಬೆಚ್ಚಗಿನ ನೀರು ಹರಿದು ಬರುತ್ತದೆ. ಹಾಗಾಗಿ ಎಷ್ಟು ಉತ್ತರಕ್ಕಿದೆ ಅನ್ನೋದೊಂದನ್ನೇ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ. ನಾಲ್ಕೂ ಊರಿಗೆ ನಾಲ್ಕು ಉತ್ತರ.

‘ನೀರು ತಣ್ಣಗಿದೆ’ ಅನ್ನೋದು ಉತ್ತರ ಅಲ್ಲ

ನಾನು ಜಾರಿಬಿದ್ದಿದ್ದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಹ್ಯಾಲಿಫ್ಯಾಕ್ಸ್ ಸಮುದ್ರ ಬೇಸಿಗೆಯಲ್ಲೂ 15ರಿಂದ 18 ಡಿಗ್ರಿ ಆಸುಪಾಸು. ಅದು ಎಷ್ಟು ಚಳಿ ಅಂತ ಗೊತ್ತಾಗಲಿ ಅಂತ ಒಂದು ಬಕೆಟ್ ಸಂಪ್ ನೀರು ತಗೊಂಡೆ. ಕೆಲಸಕ್ಕೆ ಇಟ್ಟುಕೊಂಡ ಥರ್ಮಾಮೀಟರ್ ಅದ್ದಿದರೆ 24 ತೋರಿಸಿತು. ಐಸ್ ಹಾಕುತ್ತಾ ಹಾಕುತ್ತಾ 15ಕ್ಕೆ ಇಳಿಸಿ ಎರಡೂ ಕಾಲು ಇಟ್ಟೆ. ಮೊದಲು ಹಿತವಾಗಿತ್ತು. ಎರಡು ನಿಮಿಷಕ್ಕೆ ಕಣಕಾಲಿನ ಮೂಳೆ ಹಿಂಡಿದ ಹಾಗಾಯಿತು. ನೀವೂ ಮಾಡಿ ನೋಡಿ. ಇದರ ಉಪಯೋಗ ಇನ್ನೊಂದು ಕಡೆ ಬರುತ್ತದೆ.

ಇಂಥ ನೀರಲ್ಲಿ ಸಾಮಾನ್ಯ ಮೀನಿನ ಮೈಯೂ ಅಷ್ಟೇ ತಣ್ಣಗಿರುತ್ತದೆ. ಮೀನು ಈಜುವಾಗ ಮಾಂಸಖಂಡ ಬಿಸಿ ಹುಟ್ಟಿಸುತ್ತದೆ, ನಿಜ. ಆದರೆ ಆ ಬಿಸಿ ರಕ್ತ ಉಸಿರಿಗಾಗಿ ಕಿವಿರಿಗೆ ಹೋಗಲೇಬೇಕು. ಕಿವಿರು ಅಂದರೆ ತೆಳ್ಳನೆ ಹಾಳೆ, ಆ ಕಡೆ ನೀರು, ಈ ಕಡೆ ರಕ್ತ. ಫ್ರಿಜ್ ಹಿಂದೆ ಬಿಸಿ ಹೊರಗೆ ಬಿಡೋ ನಮ್ಮ ಕಂಡೆನ್ಸರ್ ಇದ್ದ ಹಾಗೆ. ಗಳಿಸಿದ ಬಿಸಿಯೆಲ್ಲಾ ಅಲ್ಲೇ ಸಮುದ್ರದ ಪಾಲು.

ಗ್ರೇಟ್ ವೈಟ್ ಅನ್ನೋ ದೊಡ್ಡ ಬಿಳಿ ಶಾರ್ಕ್ ಹಾಗಲ್ಲ. ಅದು ಹೇಗೆ ಅಂತ ಓದಿದಾಗ ನಾನು ಎದ್ದು ಅಂಗಡಿ ಮೂಲೆಯಲ್ಲಿದ್ದ ಹಳೇ ಸಿಂಗಲ್ ಡೋರ್ ಫ್ರಿಜ್‌ನ ಹಿಂಭಾಗ ನೋಡಿದೆ. ನೀವೂ ನಿಮ್ಮ ಫ್ರಿಜ್ ರಿಪೇರಿಗೆ ಬಿಚ್ಚಿದಾಗ ನೋಡಿ. ಕೂದಲಿನಷ್ಟು ಸಣ್ಣ ತೂತಿನ ತಾಮ್ರದ ಕ್ಯಾಪಿಲರಿ ಒಳಗಡೆಗೆ ಹೋಗುತ್ತದೆ. ದಪ್ಪ ಸಕ್ಷನ್ ಪೈಪು ಒಳಗಿಂದ ಹೊರಗೆ ಬರುತ್ತದೆ. ಎರಡನ್ನೂ ಒಂದಕ್ಕೊಂದು ತಾಗಿಸಿ ಬೆಸುಗೆ ಹಾಕಿರುತ್ತಾರೆ. ಹೊಸಬ ಹುಡುಗರು ‘ಯಾಕಣ್ಣ ಇದು ಅಂಟಿಕೊಂಡಿದೆ’ ಅಂತ ಕೇಳುತ್ತಾರೆ. ಒಳಗೆ ಹೋಗೋ ಬೆಚ್ಚನೆ ದ್ರವ, ಹೊರಗೆ ಬರೋ ತಣ್ಣನೆ ಗ್ಯಾಸಿಗೆ ತಾಗಿ ದಾರಿಯಲ್ಲೇ ತಣ್ಣಗಾಗಲಿ ಅಂತ. ಒಳಗಿನ ತಂಪು ಹೊರಗೆ ಹೋಗಿ ಹಾಳಾಗೋದಿಲ್ಲ, ಬಾಗಿಲಲ್ಲೇ ವಾಪಸ್ ಸಿಗುತ್ತದೆ.

ಬಿಳಿ ಶಾರ್ಕಿನ ಮೈಯಲ್ಲೂ ಇದೇ ಏರ್ಪಾಡು. ಕಿವಿರಿನಿಂದ ತಣ್ಣನೆ ರಕ್ತ ತರೋ ಸಣ್ಣ ಸಣ್ಣ ನಾಳಗಳು, ಮಾಂಸಖಂಡದಿಂದ ಬಿಸಿ ರಕ್ತ ವಾಪಸ್ ಒಯ್ಯೋ ನಾಳಗಳಿಗೆ ತಾಗಿಕೊಂಡು ಕಟ್ಟುಕಟ್ಟಾಗಿ ಸಾಗುತ್ತವೆ. ಒಂದು ಈ ಕಡೆಗೆ ಹರಿದರೆ ಇನ್ನೊಂದು ಆ ಕಡೆಗೆ. ಬಿಸಿ ಕಿವಿರು ತಲುಪೋ ಮುಂಚೆಯೇ ತಣ್ಣನೆ ರಕ್ತಕ್ಕೆ ದಾಟಿಕೊಂಡು ಮತ್ತೆ ಒಳಗೆ ಬರುತ್ತದೆ. ನಾವು ತಂಪು ಉಳಿಸುತ್ತೇವೆ, ಅದು ಬಿಸಿ ಉಳಿಸುತ್ತದೆ. ಪೈಪಿನ ಕೆಲಸ ಮಾತ್ರ ಒಂದೇ. ಹೀಗೆ ಅದರ ಹೊಟ್ಟೆ ಸುತ್ತಲಿನ ನೀರಿಗಿಂತ 14 ಡಿಗ್ರಿವರೆಗೂ ಜಾಸ್ತಿ ಬಿಸಿ ಇರಬಲ್ಲದು. ಕಣ್ಣು, ಮಿದುಳು, ಈಜೋ ಮಾಂಸಖಂಡ ಕೂಡ ಬೆಚ್ಚಗೆ. ಬಿಸಿ ಮಾಂಸಖಂಡ ಜೋರಾಗಿ ಓಡುತ್ತದೆ, ಎದುರಿಗಿರೋ ತಣ್ಣನೆ ಮೀನು ನಿಧಾನ. ಅಂದರೆ ಚಳಿ ನೀರು ಅದಕ್ಕೆ ತೊಂದರೆ ಅಲ್ಲ, ಬೇಟೆಗೆ ಅನುಕೂಲ.

ನನ್ನ ವಿದ್ಯೆಯನ್ನೇ ಅದು ಲಕ್ಷಾಂತರ ವರ್ಷದಿಂದ ಮಾಡಿಕೊಂಡು ಬಂದಿದೆ, ನಾನು ಅದನ್ನೇ ಗಮನಿಸದೆ ಮಗಳಿಗೆ ಪಾಠ ಹೇಳಿದ್ದೆ.

ಈ ಬಿಸಿ ಮೈ ಶಾರ್ಕುಗಳ ಮನೆತನದಲ್ಲಿ ಐದೇ ಜನ: ಬಿಳಿ ಶಾರ್ಕ್, ಎರಡು ಥರದ ಮಾಕೋ, ಪೋರ್ಬೀಗಲ್, ಮತ್ತೆ ಅಲಾಸ್ಕಾ ಕಡೆಯ ಸಾಲ್ಮನ್ ಶಾರ್ಕ್. ಈ ಕೊನೆಯದು ಅಲಾಸ್ಕಾದ ಹಿಮದ ನೀರಲ್ಲೂ ಹೊಟ್ಟೆಯನ್ನು 25 ಡಿಗ್ರಿ ಆಸುಪಾಸು ಇಟ್ಟುಕೊಳ್ಳುತ್ತದೆ. ನಮ್ಮ ಸಂಪ್ ನೀರಿಗಿಂತ ಬಿಸಿ! ಟೈಗರ್ ಶಾರ್ಕ್, ಬುಲ್ ಶಾರ್ಕ್ ಇವೆಲ್ಲಾ ಬೆಚ್ಚಗಿನ ನೀರಿನವು. ನಾನು ‘ಬಿಸಿ ದೇಶದ ಮೀನು’ ಅಂದಿದ್ದು ಇವಕ್ಕೆ ಸರಿ. ಹಾಗಾಗಿ ವಿಡಿಯೋ ಕಳಿಸಿದವರನ್ನು ‘ಯಾವ ಜಾತಿ?’ ಅಂತಲೂ ಕೇಳಿ. ಉತ್ತರ ಬರೋದಿಲ್ಲ. ಆದರೂ ಕೇಳಿ.

ಇನ್ನೊಂದಿದೆ, ಗ್ರೀನ್‌ಲ್ಯಾಂಡ್ ಶಾರ್ಕ್. ಬಿಳಿ ಶಾರ್ಕಿನಷ್ಟೇ ಉದ್ದ ಬೆಳೆಯುತ್ತದೆ. ಅದರ ಮೈಯಲ್ಲಿ ಬಿಸಿ ಇಲ್ಲ, ಅವಸರವೂ ಇಲ್ಲ. ನಾವು ಬೀದಿಯಲ್ಲಿ ನಡೆಯೋದಕ್ಕಿಂತ ನಿಧಾನವಾಗಿ, ಆಳದಲ್ಲಿ, ಹೆಪ್ಪುಗಟ್ಟೋ ಹತ್ತಿರದ ನೀರಲ್ಲಿ ಓಡಾಡಿಕೊಂಡಿರುತ್ತದೆ. 2016ರಲ್ಲಿ ವಿಜ್ಞಾನಿಗಳು ಕಣ್ಣಿನ ಲೆನ್ಸ್ ಪರೀಕ್ಷಿಸಿ, ಅವರ ಕೈಗೆ ಸಿಕ್ಕ ಅತಿ ದೊಡ್ಡದಕ್ಕೆ ಕನಿಷ್ಠ 272 ವರ್ಷ ಅಂತ ಲೆಕ್ಕ ಕೊಟ್ಟರು. ಅಂದರೆ ಹೈದರಾಲಿ ಲಾಲ್‌ಬಾಗ್ ಶುರು ಮಾಡೋ ಮುಂಚೆ ಹುಟ್ಟಿದ ಮೀನು. ಬೀಚಿನಲ್ಲಿ ಆಡೋ ಮಕ್ಕಳಿಗೂ ಅದಕ್ಕೂ ಸಂಬಂಧ ಇಲ್ಲ. ಸುಮ್ನೆ ಹೇಳಬೇಕು ಅನ್ನಿಸಿತು.

ಆಮೇಲೆ ಊಟ ಎಲ್ಲಿದೆ ನೋಡಿ

ರಸೆಲ್ ಮಾರ್ಕೆಟ್ ಹತ್ತಿರ ತಲೆ ಎತ್ತಿ ನೋಡಿದರೆ ಹದ್ದು ಸುತ್ತುತ್ತಿರುತ್ತವೆ. ಶಿವಾಜಿನಗರದ ಹವೆ ಚೆನ್ನಾಗಿದೆ ಅಂತ ಅಲ್ಲ, ಕೆಳಗೆ ಮಾಂಸದ ಅಂಗಡಿ ಇದೆ ಅಂತ. ಶಾರ್ಕೂ ಅಷ್ಟೇ.

ದೊಡ್ಡ ಬಿಳಿ ಶಾರ್ಕಿಗೆ ಬೇಕಾದ್ದು ಸೀಲ್. ಮೀಸೆ ಇರೋ, ನಾಯಿ ಮುಖದ, ಕೊಬ್ಬಿನ ಮೂಟೆಯಂಥ ಪ್ರಾಣಿ. ಬೋಸ್ಟನ್ ಪಕ್ಕದ ಕೇಪ್ ಕಾಡ್ ಕಥೆ ಕೇಳಿ. ಮೀನು ತಿಂದುಹಾಕುತ್ತವೆ ಅಂತ ಮ್ಯಾಸಚೂಸೆಟ್ಸ್ ಸರ್ಕಾರ ಸೀಲ್ ಕೊಂದವರಿಗೆ 1962ರವರೆಗೂ ಬಹುಮಾನ ಕೊಡುತ್ತಿತ್ತು. ಸೀಲ್ ಹೆಚ್ಚುಕಮ್ಮಿ ನಿರ್ನಾಮ ಆದವು. 1972ರಲ್ಲಿ ಅಮೆರಿಕದಲ್ಲಿ ಸಮುದ್ರದ ಸಸ್ತನಿಗಳನ್ನು ಕೊಲ್ಲಬಾರದು ಅಂತ ಕಾನೂನು ಬಂತು. ನಿಧಾನವಾಗಿ ಬೂದು ಸೀಲ್ ಸಾವಿರ ಸಾವಿರ ವಾಪಸ್ ಬಂದವು. ಅವುಗಳ ಹಿಂದೆ ಶಾರ್ಕೂ ಬಂತು. 2015ರಿಂದ 2018ರವರೆಗೆ ಕೇಪ್ ಕಾಡ್‌ಗೆ ಸುಮಾರು 800 ಬಿಳಿ ಶಾರ್ಕ್ ಬಂದುಹೋಗಿವೆ ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ನೀರಿನ ತಾಪ ನೋಡಿಕೊಂಡು ಬಂದ ನೆಂಟರಲ್ಲ ಇವರು, ಊಟದ ಎಲೆ ನೋಡಿಕೊಂಡು ಬಂದವರು.

ನಮ್ಮ ಮಗಳ ಊರಿಗೂ ಅದೇ ಲೆಕ್ಕ. ಹ್ಯಾಲಿಫ್ಯಾಕ್ಸ್ ಇರೋ ನೋವಾ ಸ್ಕೋಶಿಯಾ ಪ್ರಾಂತ್ಯದ ದಂಡೆಯಿಂದಾಚೆ ಸೇಬಲ್ ದ್ವೀಪ ಅಂತ ಮರಳಿನ ಒಂದು ಸಣ್ಣ ಪಟ್ಟಿ ಇದೆ. ಬೂದು ಸೀಲ್‌ಗಳು ಮರಿ ಹಾಕೋ ಜಾಗಗಳಲ್ಲಿ ಜಗತ್ತಿಗೇ ದೊಡ್ಡದು ಅದು. ಸರಿ, ಇನ್ನು ಕೇಳೋದೇನಿದೆ?

ಆದರೆ ಈ ಸೂತ್ರವನ್ನೂ ಪೂರ್ತಿ ನಂಬಿ ಕೂರಬೇಡಿ. ಬ್ರಿಟನ್‌ನಲ್ಲೂ ಸೀಲ್ ಬೇಕಾದಷ್ಟಿವೆ, ಚಳಿ ನೀರೂ ಇದೆ. ಆದರೂ ಅಲ್ಲಿ ಬಿಳಿ ಶಾರ್ಕ್ ಕಂಡಿದ್ದು ಖಚಿತ ಅನ್ನೋ ದಾಖಲೆ ಒಂದೂ ಇಲ್ಲ. ಮೆಡಿಟರೇನಿಯನ್‌ನಲ್ಲಿ ಸ್ವಲ್ಪ ಇವೆ, ಅಮೆರಿಕ ದಂಡೆಯಲ್ಲಿ ಜಾಸ್ತಿ ಇವೆ, ನಡುವೆ ಇಡೀ ಅಟ್ಲಾಂಟಿಕ್. ಲಿಡಿಯಾ ಅಂತ ಹೆಸರಿಟ್ಟ ಒಂದು ಹೆಣ್ಣು ಶಾರ್ಕಿಗೆ 2013ರಲ್ಲಿ ಫ್ಲೋರಿಡಾ ಹತ್ತಿರ ಟ್ಯಾಗ್, ಅಂದರೆ ಎಲ್ಲಿದೆ ಅಂತ ತಿಳಿಸೋ ಸಣ್ಣ ಯಂತ್ರ, ಹಾಕಿದ್ದರು. ಅದು 2014ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ನಡುಗೆರೆ ದಾಟಿ ಯೂರೋಪ್ ಕಡೆಗೆ ಬಂತು. ಅಂದರೆ ಬರೋ ತಾಕತ್ತಿದೆ. ಎಡಿನ್‌ಬರದಲ್ಲಿ ಮಗ ಇರೋ ನಮ್ಮ ಎದುರು ಮನೆಯವರಿಗೆ ನಾನು ಹೇಳಿದ್ದು ಇಷ್ಟೇ: ಪೋರ್ಬೀಗಲ್ ಇದೆ, ಬೇಸಿಗೆಯಲ್ಲಿ ದಕ್ಷಿಣಕ್ಕೆ ನೀಲಿ ಶಾರ್ಕ್ ಬರುತ್ತೆ, ಬಿಳೀದರ ಚಿಂತೆ ಬಿಡಿ.

ಪಂಚಾಂಗ ಮರೆಯಬೇಡಿ

ನೋವಾ ಸ್ಕೋಶಿಯಾ ಕಡೆಗೆ ಬಿಳಿ ಶಾರ್ಕ್ ಬರೋದು ಜುಲೈ ಹೊತ್ತಿಗೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಜೋರು. ನವೆಂಬರ್ ಮುಗಿಯೋಷ್ಟರಲ್ಲಿ ಕೆರೊಲಿನಾ, ಫ್ಲೋರಿಡಾ ಕಡೆಗೆ ಹೊರಟಿರುತ್ತವೆ. ನನ್ನ ಹೆಂಡತಿಗೆ ಹೇಳಿದ್ದು ಬೇರೆ ಥರ: ಆಷಾಢದಲ್ಲಿ ಬರುತ್ತವೆ, ಗಣೇಶನ ಹಬ್ಬ, ದಸರಾ ಅಲ್ಲೇ ಮಾಡುತ್ತವೆ, ದೀಪಾವಳಿ ಮುಗಿಸಿ ಹೊರಡುತ್ತವೆ. ಅವಳಿಗೆ ತಕ್ಷಣ ನೆನಪಲ್ಲಿ ಕೂತಿತು. ಫೆಬ್ರವರಿಯಲ್ಲಿ ‘ಹ್ಯಾಲಿಫ್ಯಾಕ್ಸ್‌ನಲ್ಲಿ ಇವತ್ತು’ ಅಂತ ವಿಡಿಯೋ ಬಂದರೆ ಮೊದಲು ಅನುಮಾನ ಪಡಿ.

ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ

ನಾದಿನಿಯ ವಿಡಿಯೋ 40 ಸೆಕೆಂಡು. ಫೋನಲ್ಲಿ ಒಂದು ಸಲ ನೋಡಿದರೆ ಎದೆ ಬಡಿದುಕೊಳ್ಳುತ್ತದೆ. ಅಂಗಡಿಯ ಕಂಪ್ಯೂಟರಿಗೆ ಹಾಕಿ, ಒಂದೊಂದು ಸೆಕೆಂಡಿಗೆ ನಿಲ್ಲಿಸಿ, ಹದಿನೈದು ಸಲ ನೋಡಿದೆ.

ಮೊದಲು ನೋಡಬೇಕಾದ್ದು ರೆಕ್ಕೆ ಹೇಗೆ ಚಲಿಸುತ್ತದೆ ಅಂತ. ಮೇಲೆದ್ದು, ಚಕ್ರ ಉರುಳಿದ ಹಾಗೆ ಮುಂದಕ್ಕೆ ಬಾಗಿ, ಮುಳುಗಿದರೆ ಅದು ಡಾಲ್ಫಿನ್. ಉಸಿರಿಗೆ ಬಂದು ಹೋಗುತ್ತಿರುತ್ತದೆ. ಡಾಲ್ಫಿನ್ ಬಾಲ ಮೇಲೆ ಕೆಳಗೆ ಆಡುತ್ತದೆ, ಶಾರ್ಕ್ ಬಾಲ ಎಡಕ್ಕೆ ಬಲಕ್ಕೆ. ರೆಕ್ಕೆ ಟಾಟಾ ಮಾಡಿದ ಹಾಗೆ ಆ ಕಡೆ ಈ ಕಡೆ ಬೀಳುತ್ತಿದ್ದರೆ ಅದು ಸನ್‌ಫಿಶ್, ತಟ್ಟೆಯಂಥ ಮೈಯ ಸಾಧು ಮೀನು. ಮಗಳ ಕಡೆ ಬೇಸಿಗೆಯಲ್ಲಿ ಅದೂ ಬರುತ್ತದೆ.

ನಮ್ಮ ವಿಡಿಯೋದ ರೆಕ್ಕೆ ನೆಟ್ಟಗೆ ಒಂದೇ ಮಟ್ಟದಲ್ಲಿ ಹೋಗುತ್ತಿತ್ತು. ಆದ್ದರಿಂದ ಶಾರ್ಕ್ ಹೌದು. ಆದರೆ 12ನೇ ಸೆಕೆಂಡಿನಲ್ಲಿ ನಿಲ್ಲಿಸಿದಾಗ ಕಂಡಿತು: ರೆಕ್ಕೆಯ ತುದಿ ಒಣಗಿದ ಬಾಳೆಲೆ ಥರ ಒಂದು ಪಕ್ಕಕ್ಕೆ ಜೋತುಬಿದ್ದಿದೆ. ಅದರ ಹಿಂದೆ, ಸುಮಾರು ಎರಡು ಮಂಚದಷ್ಟು ದೂರದಲ್ಲಿ, ಇನ್ನೊಂದು ಸಣ್ಣ ಮೊನೆ ನೀರು ಸೀಳುತ್ತಾ ಎಡಬಲ ಆಡುತ್ತಿದೆ. ಅದು ಬಾಲದ ತುದಿ. ರೆಕ್ಕೆಯ ಮುಂದೆಯೂ ಒಂದು ಗುಬುಟು ಆಗಾಗ ಮೇಲೆ ಬರುತ್ತಿದೆ. ಅದು ಮೂತಿ. ಒಂದೇ ಗೆರೆಯಲ್ಲಿ ಮೂರು. 31ನೇ ಸೆಕೆಂಡಿನಲ್ಲಿ ದೋಣಿಯ ಪಕ್ಕದಲ್ಲಿ ಅದು ತಿರುಗಿದಾಗ ನೀರಿನ ಒಳಗೆ ಬೆಳ್ಳಗೆ ಏನೋ ಅಗಲವಾಗಿ ಕಂಡಿತು. ಮೊದಲು ಹೊಟ್ಟೆ ಅಂದುಕೊಂಡೆ. ಬೆಳಕು ಹೆಚ್ಚು ಮಾಡಿ ನೋಡಿದರೆ ಬಾಯಿ. ಗೋಣಿಚೀಲದ ಬಾಯಿ ತೆರೆದು ಹಿಡಿದ ಹಾಗೆ, ಪೂರ್ತಿ ತೆಗೆದುಕೊಂಡೇ ಈಜುತ್ತಿದೆ. ಕತ್ತಿನ ಸುತ್ತ ಸರ ಹಾಕಿದ ಹಾಗೆ ಉದ್ದುದ್ದ ಕಿವಿರಿನ ಸೀಳು.

ಅದು ಬಾಸ್ಕಿಂಗ್ ಶಾರ್ಕ್. 10 ಮೀಟರ್‌ವರೆಗೂ ಬೆಳೆಯೋ ಪ್ರಾಣಿ. ನಮ್ಮ ಗುಜರಾತ್ ಕಡೆ ಬರೋ ತಿಮಿಂಗಿಲ ಶಾರ್ಕ್ ಬಿಟ್ಟರೆ ಜಗತ್ತಿನ ಎರಡನೇ ದೊಡ್ಡ ಮೀನು. ತಿನ್ನೋದು ನೀರಲ್ಲಿ ತೇಲೋ ಕಣದಂಥ ಜೀವಿಗಳನ್ನ. ಸ್ಕಾಟ್ಲೆಂಡಿನ ಪಶ್ಚಿಮ ದಂಡೆ, ಐರ್ಲೆಂಡ್, ನೋವಾ ಸ್ಕೋಶಿಯಾ, ಎಲ್ಲಾ ಕಡೆ ಬೇಸಿಗೆಯಲ್ಲಿ ಕಾಣುತ್ತದೆ. ವಿಡಿಯೋದಲ್ಲಿ ಮಾತಾಡಿದವರ ಉಚ್ಚಾರ ಕೇಳಿ ಮಗಳು, ‘ಇದು ಐರ್ಲೆಂಡಿನವರ ಮಾತು ಅಪ್ಪಾ, ನಮ್ಮ ಊರೇ ಅಲ್ಲ’ ಅಂದಳು. ಐರ್ಲೆಂಡಿನಲ್ಲಿ 2022ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ, ತೊಂದರೆ ಕೊಟ್ಟರೆ ಅಪರಾಧ. ನಮ್ಮ ಗ್ರೂಪಿನಲ್ಲಿ ಮಾತ್ರ ಅದು ನರಭಕ್ಷಕ.

ಬಿಳಿ ಶಾರ್ಕ್ ಆದರೆ ಹೇಗಿರುತ್ತದೆ? ರೆಕ್ಕೆ ಗಟ್ಟಿ, ನೆಟ್ಟಗೆ, ತ್ರಿಕೋನ. ಹಿಂದಿನ ಅಂಚು ಹರಿದ ಹಾಗೆ. ಮೇಲೆ ಬೂದು, ಕೆಳಗೆ ಬಿಳಿ, ನಡುವಿನ ಗೆರೆ ಸುಣ್ಣ ಹೊಡೆದು ನಿಲ್ಲಿಸಿದ ಹಾಗೆ ಸ್ಪಷ್ಟ. ಪೋರ್ಬೀಗಲ್ ನೋಡೋಕೆ ಅದರ ತಮ್ಮನ ಥರ, ಆದರೆ ಬೆನ್ನಿನ ರೆಕ್ಕೆಯ ಹಿಂದಿನ ಕೆಳತುದಿಯಲ್ಲಿ ಒಂದು ಬಿಳಿ ಮಚ್ಚೆ ಇರುತ್ತದೆ.

ಇದನ್ನೆಲ್ಲಾ ಪಕ್ಕದ ಅಂಗಡಿಯ ಕಾರವಾರದವರಿಗೆ ತೋರಿಸಿದೆ. ಅವರು ‘ಓ, ಮೋರಿ!’ ಅಂದರು. ನಾನು ಬೀದಿ ಚರಂಡಿ ಕಡೆ ತಿರುಗಿ ನೋಡಿದೆ. ಅವರ ಕೊಂಕಣಿಯಲ್ಲಿ ಮೋರಿ ಅಂದರೆ ಶಾರ್ಕ್. ‘ಚಿಕ್ಕದಿದ್ದರೆ ಸಾರು ಚೆನ್ನಾಗಿರುತ್ತೆ’ ಅಂತ ಬೇರೆ ಹೇಳಿದರು. ನಾವು ಹೆದರಿಕೊಂಡು ಕೂತಿದ್ದೇವೆ, ಇವರಿಗೆ ಸಾರಿನ ಯೋಚನೆ.

ಮ್ಯಾಪಿನ ಚುಕ್ಕಿ ನೋಡೋ ಕ್ರಮ

ಓಸರ್ಚ್ ಅನ್ನೋ ಸಂಸ್ಥೆ ಶಾರ್ಕುಗಳ ರೆಕ್ಕೆಗೆ ಟ್ಯಾಗ್ ಹಾಕಿ ಬಿಡುತ್ತದೆ. ಅವು ಎಲ್ಲಿವೆ ಅಂತ ಫೋನಿನಲ್ಲೇ ಮ್ಯಾಪ್ ನೋಡಬಹುದು. ನನ್ನ ಹೆಂಡತಿ ಧಾರಾವಾಹಿ ಬಿಟ್ಟು ಒಂದು ವಾರ ಇದನ್ನೇ ನೋಡಿದಳು. ಅವಳಿಗೆ ಇಷ್ಟ ಆಗಿದ್ದು ನುಕುಮಿ. 2020ರ ಅಕ್ಟೋಬರ್‌ನಲ್ಲಿ ನೋವಾ ಸ್ಕೋಶಿಯಾ ಹತ್ತಿರ ಟ್ಯಾಗ್ ಹಾಕಿದ ಹೆಣ್ಣು ಶಾರ್ಕ್. ಉದ್ದ 5.2 ಮೀಟರ್, ತೂಕ 1600 ಕೆಜಿ. ಅಲ್ಲಿನ ಮೂಲನಿವಾಸಿ ಮಿಗ್ಮಾ ಜನರ ಕಥೆಗಳಲ್ಲಿ ಬರೋ ಬುದ್ಧಿವಂತ ಅಜ್ಜಿಯ ಹೆಸರು ಅದಕ್ಕೆ. ‘ಅಜ್ಜಿ ಎಲ್ಲಿದ್ದಾಳೆ ನೋಡ್ರೀ’ ಅಂತ ಕೇಳೋಳು.

ಮ್ಯಾಪ್ ನೋಡುವಾಗ ಎರಡು ವಿಷಯ ತಲೆಯಲ್ಲಿರಲಿ. ಟ್ಯಾಗು ಉಪಗ್ರಹಕ್ಕೆ ಸುದ್ದಿ ಕಳಿಸೋದು ರೆಕ್ಕೆ ನೀರಿನ ಮೇಲೆ ಬಂದಾಗ ಮಾತ್ರ. ವಾರಗಟ್ಟಲೆ ಸುದ್ದಿ ಇಲ್ಲ ಅಂದರೆ ಶಾರ್ಕ್ ಸತ್ತಿದೆ ಅಂತಲೂ ಅಲ್ಲ, ಊರು ಬಿಟ್ಟಿದೆ ಅಂತಲೂ ಅಲ್ಲ. ಎರಡನೆಯದು, ಚುಕ್ಕಿ ಇರೋದು ಟ್ಯಾಗ್ ಹಾಕಿದ ಶಾರ್ಕಿಗೆ. ಟ್ಯಾಗ್ ಇಲ್ಲದವೇ ಜಾಸ್ತಿ. ಬೀಚಿನ ಪಕ್ಕದಲ್ಲಿ ಚುಕ್ಕಿ ಇಲ್ಲ ಅಂತ ಮಗೂನ ನೀರಿಗೆ ಬಿಡೋದು, ಸಿಗ್ನಲ್‌ನಲ್ಲಿ ಪೊಲೀಸ್ ಇಲ್ಲ ಅಂತ ಗಾಡಿ ನುಗ್ಗಿಸಿದ ಹಾಗೆ.

ಹೆದರಿಕೆಯನ್ನು ತೂಕ ಹಾಕಿ

ಶಾರ್ಕ್ ಬರುತ್ತದೆ ಅಂತ ಒಪ್ಪಿಕೊಂಡೆ. ಹಾಗಾದರೆ ಎಷ್ಟು ಹೆದರಬೇಕು? ಫ್ಲೋರಿಡಾದ ಒಂದು ಮ್ಯೂಸಿಯಂ ಇಡೀ ಜಗತ್ತಿನ ಶಾರ್ಕ್ ಕಡಿತದ ಲೆಕ್ಕ ಇಡುತ್ತದೆ. 2024ರಲ್ಲಿ ಮನುಷ್ಯ ತಾನಾಗಿ ಕೆಣಕದೆ ಕಚ್ಚಿಸಿಕೊಂಡಿದ್ದು 47 ಸಲ. ಇಡೀ ಭೂಮಿಯಲ್ಲಿ, ಒಂದು ವರ್ಷಕ್ಕೆ. ಗ್ಯಾಸ್ ಚಾರ್ಜ್ ಮಾಡೋಕೆ ಮನೆ ಮನೆ ಅಲೆಯುವಾಗ ನನಗೇ ಎರಡು ಸಲ ಬೀದಿ ನಾಯಿ ಕಚ್ಚಿದೆ.

ಹಾಗಂತ ಸೊನ್ನೆಯೂ ಅಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಕೇಪ್ ಕಾಡ್‌ನಲ್ಲಿ ಒಬ್ಬ ಹುಡುಗ ಸತ್ತ. ಆ ರಾಜ್ಯದಲ್ಲಿ 1936ರ ನಂತರ ಅದೇ ಮೊದಲು. 2020ರ ಜುಲೈನಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ದಂಡೆಯ ಹತ್ತಿರವೇ ಈಜುತ್ತಿದ್ದ ಹೆಂಗಸೊಬ್ಬರು ಸತ್ತರು. ಅಲ್ಲಿ ಅಂಥ ಸಾವು ದಾಖಲಾಗಿದ್ದು ಅದೇ ಮೊದಲ ಸಲ. ಈ ಎರಡನ್ನೂ ಮಗಳಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಅವಳಿಗೆ ಆಗಲೇ ಗೊತ್ತಿತ್ತು.

ನನ್ನ ಪ್ರಕಾರ ನಿಜವಾಗಿ ಹೆದರಬೇಕಾದ್ದು ಆ ಬಕೆಟ್ ನೀರಿಗೆ. 15 ಡಿಗ್ರಿಗಿಂತ ತಣ್ಣನೆ ನೀರಿಗೆ ದಿಢೀರ್ ಅಂತ ಹಾರಿದರೆ ಉಸಿರು ತಾನಾಗೇ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ನಿಮಿಷ ನಮ್ಮ ಹತೋಟಿಯಲ್ಲಿರೋದಿಲ್ಲ. ಆ ಹೊತ್ತಿಗೆ ತಲೆ ನೀರಿನ ಒಳಗಿದ್ದರೆ ಮುಗಿಯಿತು. ಈಜು ಬರುವವರೂ ಹೀಗೆ ಮುಳುಗುತ್ತಾರೆ. ಇನ್ನೊಂದು, ದಂಡೆಯಿಂದ ಒಳಕ್ಕೆ ಎಳೆದುಕೊಂಡು ಹೋಗೋ ಸೆಳವು. ಮುರ್ಡೇಶ್ವರದಲ್ಲೂ ಅದೇ, ಹ್ಯಾಲಿಫ್ಯಾಕ್ಸ್‌ನಲ್ಲೂ ಅದೇ.

ಹಾಗಾಗಿ ಫೋನ್ ಮಾಡಿ ‘ಸಮುದ್ರಕ್ಕೇ ಹೋಗಬೇಡಿ’ ಅಂತ ಕೂಗಾಡಬೇಡಿ. ಮಕ್ಕಳು ಫೋನ್ ಎತ್ತೋದು ನಿಲ್ಲಿಸುತ್ತಾರೆ. ಹೇಳೋದಾದರೆ ಹೀಗೆ ಹೇಳಿ. ಲೈಫ್‌ಗಾರ್ಡ್ ಇರೋ ಬೀಚಿಗೆ ಹೋಗಿ, ಅವರು ಬಾವುಟ ನೆಟ್ಟ ಜಾಗದ ನಡುವೆಯೇ ಆಡಿ. ನೀರಿಗೆ ನಿಧಾನವಾಗಿ ಇಳಿಯಿರಿ, ಮೊದಲು ಕಾಲು, ಆಮೇಲೆ ಮುಖಕ್ಕೆ ನೀರು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬೇಡ. ಒಬ್ಬರೇ ದೂರ ಹೋಗೋದು ಬೇಡ. ಮೀನು ಹಿಡಿಯುತ್ತಿರೋ ಕಡೆ, ಹಕ್ಕಿಗಳು ಗುಂಪಾಗಿ ನೀರಿಗೆ ಎರಗುತ್ತಿರೋ ಕಡೆ ಬೇಡ. ಕೇಪ್ ಕಾಡ್ ಕಡೆಯಾದರೆ ನೇರಳೆ ಬಾವುಟದ ಮೇಲೆ ಬಿಳಿ ಶಾರ್ಕಿನ ಚಿತ್ರ ಇರುತ್ತದೆ, ಅದರ ಅರ್ಥ ಕೇಳಿಕೊಳ್ಳಿ. ಸೀಲ್ ಕಂಡರೆ ಫೋಟೋ ತೆಗೆಯೋಕೆ ಹತ್ತಿರ ಹೋಗೋದಲ್ಲ, ನೀರಿಂದ ಎದ್ದು ಬರೋದು.

ಕೊನೆಯದನ್ನು ನಾನು ಮೊಮ್ಮಗನಿಗೆ ಫೋನಿನಲ್ಲೇ ನಾಲ್ಕು ಸಲ ಬಾಯಿಪಾಠ ಮಾಡಿಸಿದ್ದೆ.

ಹೋದ ವರ್ಷ ಆಗಸ್ಟ್‌ನಲ್ಲಿ ನಾವಿಬ್ಬರೂ ಹ್ಯಾಲಿಫ್ಯಾಕ್ಸ್‌ಗೆ ಹೋಗಿದ್ದೆವು. ಮೊದಲ ಭಾನುವಾರವೇ ಬೀಚು. ಪ್ಯಾಂಟ್ ಮಡಿಸಿಕೊಂಡು ಮೊಣಕಾಲು ನೀರಲ್ಲಿ ನಿಂತೆ. ಬಕೆಟ್ಟಿನಲ್ಲಿ ಹಿಂಡಿದ ಮೂಳೆಯೇ ಇಲ್ಲೂ ಹಿಂಡಿತು. ಅರ್ಧ ಗಂಟೆ ಆಗಿರಬೇಕು. ಸ್ವಲ್ಪ ದೂರದಲ್ಲಿ ತೆಂಗಿನಕಾಯಿ ತೇಲಿದ ಹಾಗೆ ಕಪ್ಪಗೆ ಏನೋ ಎದ್ದಿತು. ಮೀಸೆ, ದೊಡ್ಡ ಕಣ್ಣು. ನಮ್ಮನ್ನೇ ನೋಡುತ್ತಿತ್ತು. ‘ತಾತಾ, ಸೀಲ್!’ ಅಂತ ಮೊಮ್ಮಗ ಕೂಗಿ, ನಾನು ಹೇಳೋ ಮುಂಚೆಯೇ ನನ್ನ ಕೈ ಹಿಡಿದು ದಂಡೆಗೆ ಎಳೆದ. ನಮ್ಮ ಮನೆಯವಳು ಟವೆಲ್ ಮೇಲೆ ಚಕ್ಕುಲಿ ಡಬ್ಬ ತೆಗೆದಳು. ಸೀಲ್ ಹೋಗೋವರೆಗೂ ಮರಳಲ್ಲಿ ಕೂತು ತಿಂದೆವು. ಅದು ಮುಕ್ಕಾಲು ಗಂಟೆ ಹೋಗಲಿಲ್ಲ. ಡಬ್ಬ ಖಾಲಿ ಆಯಿತು.